ಮೂರನೆಯ ಸಾಲಿನ ಕೆಮ್ಮು

ಗಂಡ ಸತ್ತು ನಾಲ್ಕು ತಿಂಗಳಾದ ಹೆಂಗಸಿನ ಹೊಟ್ಟೆಯಲ್ಲಿ ದುಃಖವಿರಬೇಕು. ಇತ್ತು, ಇಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ನಮ್ಮ ಕಡೆ ಚಳಿಗಾಲವಾದ ಆ ಜೂನ್ ತಿಂಗಳಲ್ಲಿ, ಬೆಳಿಗ್ಗೆ ಕೆಲಸಕ್ಕೆಂದು ಹೊರಟ ನೊಖಾಯಾಳನ್ನು ನಡುರಸ್ತೆಯಲ್ಲಿ ಹಿಡಿದು ನಿಲ್ಲಿಸಿದ್ದು ದುಃಖವಲ್ಲ, ಒಂದು ಪೋಸ್ಟರು.

ನಾಟಕದ ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ನಮ್ಮ ಮಖಾಂಡ ಊರಿಗೆ ಹಬ್ಬ ಬರುವಾಗ ಜನರಿಗಿಂತ ಮೊದಲು ಪೋಸ್ಟರು ಬರುತ್ತದೆ. ಕಂಬ, ಬೇಲಿ, ಮರ, ಯಾವುದೂ ಬರಿಮೈಯಲ್ಲಿ ಉಳಿಯುವುದಿಲ್ಲ. ರಸ್ತೆಯಲ್ಲಿ ಅಡ್ಡಾಡುವ ಕತ್ತೆ ನಿಂತಲ್ಲೇ ತೂಕಡಿಸಿದರೆ ಅದರ ಬೆನ್ನಿಗೂ ಒಂದು ಅಂಟಿಸಿ ಹೋದಾರು. ಶಾಲೆ, ಚರ್ಚು, ಹಾಸ್ಟೆಲ್ಲು, ಗೋದಾಮು ಎಲ್ಲವೂ ಹತ್ತು ದಿನ ರಂಗಮಂದಿರ. ನೊಖಾಯಾ ನಿಂತ ಕಂಬದಲ್ಲಿ ಇದ್ದದ್ದು ಜೋಜಾ ಬಡಾವಣೆಯ ಹೆಂಗಸರ ‘ಗೇಟಿನ ಬಳಿ’ ನಾಟಕದ ಪೋಸ್ಟರು. ಹನ್ನೆರಡು ವರ್ಷ ಅದರ ಮೇಲೆ ನೊಖಾಯಾಳ ಮುಖವಿತ್ತು. ಈ ವರ್ಷ ಅದೇ ತುಕ್ಕು ಹಿಡಿದ ಗೇಟಿಗೆ ಕೈಯಿಟ್ಟು, ಅದೇ ಕಂಬಳಿ ಹೊದ್ದು ವೆಲಿಸ್ವಾ ನಿಂತಿದ್ದಳು.

ಬಕೆಟ್ಟಿನ ವೆಲಿಸ್ವಾ!

ನಾಟಕ ಅಂಥ ದೊಡ್ಡದೇನಲ್ಲ. ಚಿನ್ನದ ಗಣಿಗೆ ದುಡಿಯಲು ಹೋದ ಗಂಡನಿಗಾಗಿ ಒಬ್ಬಳು ವರ್ಷಗಟ್ಟಲೆ ಗೇಟಿನ ಬಳಿ ಕಾಯುತ್ತಾಳೆ. ಕೊನೆಗೊಂದು ದಿನ ಬಸ್ಸಿನಲ್ಲಿ ಅವನ ಪೆಟ್ಟಿಗೆ ಮಾತ್ರ ಬರುತ್ತದೆ. ಆಗ ಅವಳು ಗಂಡನ ಕುಲದ ಹೆಸರುಗಳನ್ನೆಲ್ಲ ಕೂಗಿ ಕೂಗಿ ಹಾಡುತ್ತಾಳೆ. ಅವಳ ಬೆನ್ನ ಹಿಂದೆ ಇನ್ನೊಬ್ಬಳು ತಲೆಯ ಮೇಲೆ ನೀರಿನ ಬಕೆಟ್ ಹೊತ್ತು ಈ ತುದಿಯಿಂದ ಆ ತುದಿಗೆ ಮೆಲ್ಲನೆ ದಾಟುತ್ತಾಳೆ. ಯಾರು ಸತ್ತರೂ ಬಡವರ ಮನೆಗೆ ನೀರು ತರುವುದು ತಪ್ಪುವುದಿಲ್ಲ ಅಂತ ಅದರ ಅರ್ಥವಂತೆ. ನಾಟಕ ಕಟ್ಟಿದ ಲುಂಗೀಲೆ ಮೇಷ್ಟ್ರು ಹೇಳಿದ್ದು. ಹಾಡುವವಳು ನೊಖಾಯಾ, ಹೊರುವವಳು ವೆಲಿಸ್ವಾ. ವೆಲಿಸ್ವಾಳಿಗೆ ಹನ್ನೆರಡು ವರ್ಷದಲ್ಲಿ ಒಂದು ಮಾತಿಲ್ಲ, ಒಂದು ಸ್ವರವಿಲ್ಲ.

ಹಾಡು ಬಿಟ್ಟರೆ ನೊಖಾಯಾಳಿಗೆ ತನ್ನದು ಅನ್ನುವಂಥದ್ದು ಬೇರೆ ಏನಿತ್ತು ಹೇಳಿ. ಹುಟ್ಟಿದ್ದು ಯಾರದೋ ಕುರಿ ಫಾರ್ಮಿನ ಆಳುಗಳ ಕೇರಿಯಲ್ಲಿ. ಇಪ್ಪತ್ತೆರಡಕ್ಕೆ ಸೊಸೆಯಾಗಿ ಜೋಜಾಕ್ಕೆ ಬಂದಳು. ಹೆಸರು ಕೂಡ ಅತ್ತೆಮನೆಯವರು ಇಟ್ಟದ್ದೇ. ತವರಿನ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಸತ್ತುಹೋದರು. ಇಪ್ಪತ್ತಾರು ವರ್ಷ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ತಟ್ಟೆ ತೊಳೆದಳು. ಒಬ್ಬಳು ಮಗಳು, ಮದುವೆಯಾಗಿ ಸಮುದ್ರದ ಕಡೆಯ ಊರು ಸೇರಿದ್ದಾಳೆ. ವರ್ಷದಲ್ಲಿ ಮುನ್ನೂರೈವತ್ತೈದು ದಿನ ಅವಳು ಅಡುಗೆಮನೆಯ ಹೆಂಗಸು. ಹಬ್ಬದ ಹತ್ತು ದಿನ ಮಾತ್ರ, ಎಲ್ಲಿಂದಲೋ ಬಂದವರು ಬೀದಿಯಲ್ಲಿ ಗುರುತು ಹಿಡಿದು, “ಹಾಡಿದ್ದು ನೀವೇ ಅಲ್ವಾ?” ಎಂದು ಕೈ ಕುಲುಕುತ್ತಿದ್ದರು. ಆ ಹತ್ತು ದಿನದ ನೆನಪನ್ನು ಅವಳು ಉಳಿದ ದಿನಗಳಿಗೆ ಸ್ವಲ್ಪ ಸ್ವಲ್ಪವೇ ನಂಜಿಕೊಳ್ಳುತ್ತಿದ್ದಳು.

ಹಾಡಿನಲ್ಲಿ ಕೂಗುತ್ತಿದ್ದ ಹೆಸರುಗಳು ನಾಟಕದ ಗಂಡನವಲ್ಲ, ಅವಳ ಸ್ವಂತ ಗಂಡನ ಕುಲದವು. ಮೊದಲ ವರ್ಷ ತಾಲೀಮಿನಲ್ಲಿ ಬಾಯಿಗೆ ಬಂದದ್ದೇ ಅವು. “ಜ್ವಾರಾ! ಮ್ತಿಕಾ! ಮಜಲೇನಿ!” ಎಂದು ಊರಿಗೆಲ್ಲ ಗೊತ್ತಿರುವ ಹೆಸರುಗಳನ್ನು ಕೂಗಿ, ಕೊನೆಗೆ ಆ ಮನೆಯವರು ಮಾತ್ರ ಹೇಳುವ ಒಂದು ಸಾಲು: “ಹೋರಿಯ ಬಾಲ ಬಿಡದೆ ನದಿ ದಾಟಿದವನ ಮೊಮ್ಮಗನೇ!” ಸೊಸೆ ಹಿರಿಯರ ಹೆಸರೆತ್ತಬಾರದು, ಆದ್ದರಿಂದ ಅಜ್ಜನನ್ನು ಅವನ ಸಾಹಸದಿಂದಲೇ ಕರೆಯುವುದು. ನೆರೆ ಬಂದ ನದಿಯಲ್ಲಿ ಅಜ್ಜ ಇದ್ದೊಂದು ಹೋರಿಯ ಬಾಲ ಕಚ್ಚಿ ಹಿಡಿದು ಆಚೆ ದಡ ಸೇರಿದನಂತೆ. ಆ ಮನೆಯ ದನಕರುವೆಲ್ಲ ಅದರ ಸಂತಾನವಂತೆ.

ಇತ್ತ ಗಂಡ ಫಿಕಿಲೆ ಬ್ರೆಡ್ ವ್ಯಾನಿನ ಡ್ರೈವರು. ಹಬ್ಬದಲ್ಲಿ ದಿನಾ ಹನ್ನೆರಡು ಗಂಟೆಗೆ ವ್ಯಾನನ್ನು ಹೊರಗೆ ನಿಲ್ಲಿಸಿ ಮೂರನೆಯ ಸಾಲಿನ ತುದಿಯಲ್ಲಿ ಬಂದು ಕೂರುತ್ತಿದ್ದ. ರಂಗದ ಮೇಲೆ ಹೆಂಡತಿ ತನ್ನ ಹೆಸರು ಹಿಡಿದು ಗೋಳಾಡುವುದನ್ನು ಕೈಕಟ್ಟಿ ಕೇಳುತ್ತಿದ್ದ. ಕೊನೆಯ ಸಾಲು ಮುಗಿದು ಸಭೆಯೆಲ್ಲ ಉಸಿರು ಹಿಡಿದು ಕೂತಿರುವಾಗ ಒಂದು ಸಲ ಕೆಮ್ಮುತ್ತಿದ್ದ. ಶೀತದ ಕೆಮ್ಮಲ್ಲ, ಗಂಟಲು ಸರಿಮಾಡಿಕೊಳ್ಳುವ ಗತ್ತಿನ ಕೆಮ್ಮು. ಮೊದಲ ವರ್ಷ ನೊಖಾಯಾ ಮನೆಗೆ ಬಂದು ಜಗಳವಾಡಿದಳು.

“ನಾಚಿಕೆ ಆಗಲ್ವಾ ನಿನಗೆ? ಜನ ಕಣ್ಣೊರೆಸಿಕೊಳ್ತಿರ್ತಾರೆ, ನೀನು ಕೆಮ್ತೀಯ!”

“ಮತ್ತೇನು ಮಾಡ್ಲಿ? ನೀನು ಅಷ್ಟು ಚೆನ್ನಾಗಿ ಸಾಯಿಸ್ತೀಯ ಕಣೇ, ಬದುಕಿದೀನೋ ಇಲ್ವೋ ಅಂತ ನಂಗೇ ಅನುಮಾನ ಬರುತ್ತೆ. ಅದಕ್ಕೆ ಒಂದು ಸಲ ಕೆಮ್ಮಿ ನೋಡ್ಕೋತೀನಿ.”

ಆಮೇಲಾಮೇಲೆ ಆ ಕೆಮ್ಮಿಲ್ಲದೆ ಅವಳಿಗೆ ಹಾಡು ಮುಗಿದಂತೆ ಅನಿಸುತ್ತಿರಲಿಲ್ಲ. ಜೋಜಾದ ಜನಕ್ಕೂ ಅಷ್ಟೇ. ಕೆಮ್ಮು ಬಂದ ಮೇಲೆಯೇ ಚಪ್ಪಾಳೆ.

ಫೆಬ್ರವರಿಯ ಒಂದು ಮಧ್ಯಾಹ್ನ ಫಿಕಿಲೆ ವ್ಯಾನಿನ ಸ್ಟೀರಿಂಗಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ನೊಖಾಯಾ ಕಪ್ಪು ಉಟ್ಟಳು. ಅಡಿಯಿಂದ ಮುಡಿಯವರೆಗೆ ಕಪ್ಪು, ಭುಜಕ್ಕೆ ಪಿನ್ನು ಹಾಕಿದ ಕಪ್ಪು ಶಾಲು, ಒಂದು ವರ್ಷ. ಕೆಲಸಕ್ಕೆ ಹೋಗಬಹುದು, ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು. ದನಿ ಎತ್ತಬಾರದು. ಚರ್ಚಿನಲ್ಲಿ ಬಾಗಿಲ ಬಳಿ ಕೂರಬೇಕು. ಮದುವೆ, ಕೂಟ, ಕುಣಿತ ಯಾವುದೂ ಇಲ್ಲ, ಹಾಡಂತೂ ಕೇಳಲೇಬೇಡಿ. ಇದನ್ನೆಲ್ಲ ಅವಳು ನಿಷ್ಠೆಯಿಂದ ಮಾಡಿದಳು. ಫಿಕಿಲೆ ಒಳ್ಳೆಯವನಾಗಿದ್ದ.

ಮೇ ತಿಂಗಳಲ್ಲಿ ಲುಂಗೀಲೆ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದರು. ಜೊತೆಗೆ ವೆಲಿಸ್ವಾ, ಅವಳ ಕೈಯಲ್ಲಿ ಒಂದು ತಟ್ಟೆ. ವೆಲಿಸ್ವಾ ಟ್ಯಾಕ್ಸಿ ನಿಲ್ದಾಣದ ಹತ್ತಿರ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಮಾರುವವಳು. ನೊಖಾಯಾಳ ವಯಸ್ಸೇ, ಎರಡು ಮನೆಯಾಚೆ ವಾಸ. ಮದುವೆಯಿಲ್ಲ, ಹಿಂದಿಲ್ಲ ಮುಂದಿಲ್ಲ. ನೆಲದ ಮೇಲಿನ ಹಾಸಿಗೆಯಲ್ಲಿ ಕಾಲು ಚಾಚಿ ಕೂತಿದ್ದ ನೊಖಾಯಾಳ ಮುಂದೆ ಇಬ್ಬರೂ ಕುಳಿತರು. ನಮ್ಮಲ್ಲಿ ಮರ್ಯಾದೆಯ ಮಾತಿದ್ದಾಗ ಹೆಂಗಸನ್ನು ಅವಳ ತವರಿನ ಕುಲದಿಂದ ಕರೆಯುತ್ತಾರೆ: ನೊಖಾಯಾ ಮಾಬೆಲೆ, ವೆಲಿಸ್ವಾ ಮಾದ್ಲೋಮೊ.

“ಮಾಬೆಲೆ, ತಪ್ಪು ತಿಳೀಬೇಡ,” ಎಂದರು ಮೇಷ್ಟ್ರು. “ಜಾಗ ಗೊತ್ತಾಗಿದೆ, ಹೊತ್ತು ಗೊತ್ತಾಗಿದೆ. ಈ ವರ್ಷ ಬಿಟ್ರೆ ಬರೋ ವರ್ಷ ನಮ್ಮನ್ನ ಕೇಳೋರಿರಲ್ಲ. ಮಾದ್ಲೋಮೊಗೆ ಹಾಡು ಹೇಳಿಕೊಡು.”

“ಬರೀ ಈ ವರ್ಷಕ್ಕಾ?” ಎಂದಳು ನೊಖಾಯಾ ತಗ್ಗಿದ ದನಿಯಲ್ಲಿ.

ಮೇಷ್ಟ್ರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. “ನೋಡೋಣ. ಜನ ಹೆಂಗೆ ತಗೋತಾರೋ ನೋಡ್ಕೊಂಡು...”

ಅಷ್ಟು ಸಾಕಾಯಿತು. ಜನ ಒಪ್ಪಿದರೆ ಹಾಡು ಹೋಯಿತು. ಒಮ್ಮೆ ಕೈ ತಪ್ಪಿದ್ದನ್ನು ಕೇಳಿ ಪಡೆಯುವ ಜಾಯಮಾನ ನೊಖಾಯಾಳದಲ್ಲ.

ಮೇಷ್ಟ್ರು ಹೋದ ಮೇಲೆ ಪಾಠ ಶುರುವಾಯಿತು. ಅದೊಂದು ವಿಚಿತ್ರ ಪಾಠ. ಹೇಳಿಕೊಡುವವಳು ಹಾಡುವಂತಿಲ್ಲ, ಪಿಸುಗುಟ್ಟಿ ಹೇಳಬೇಕು. ಕಲಿಯುವವಳು ಬಾಯ್ತುಂಬ ಹಾಡಬೇಕು. ನೊಖಾಯಾ ಮನಸ್ಸಿನಲ್ಲೇ ನಗುತ್ತಾ ಕೂತಳು: ಬಕೆಟ್ ಹೊತ್ತವಳ ಗಂಟಲಿನಲ್ಲಿ ಏನಿದ್ದೀತು, ಮಹಾ? ವೆಲಿಸ್ವಾ ಬಾಯಿ ತೆರೆದಳು. ಆ ದನಿ ಕೆಳಗಿನಿಂದ, ಕಾಲಡಿಯ ಸಿಮೆಂಟಿನಿಂದ ಎದ್ದು ಬಂದಂತಿತ್ತು. ಒರಟು, ಅಗಲ, ಒಂದಿಷ್ಟೂ ಅವಸರವಿಲ್ಲದ್ದು. ಹಾಡುವಾಗ ಬೀದಿಯಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದ್ದು ನೊಖಾಯಾಳಿಗೆ ಕೇಳಿಸಿತು.

ಹೊಟ್ಟೆಯಲ್ಲಿ ಕೆಂಡ ಬಿತ್ತು. ಇದನ್ನು ಮುಚ್ಚಿ ಹೇಳುವುದೇಕೆ? ಹೊಟ್ಟೆಕಿಚ್ಚು, ಶುದ್ಧ ಹೊಟ್ಟೆಕಿಚ್ಚು. ಇಷ್ಟು ವರ್ಷ ಈ ಕಂಠ ಇಟ್ಟುಕೊಂಡು ಈ ಹೆಂಗಸು ಬಾಯಿಗೆ ಬೀಗ ಹಾಕಿ ನನ್ನ ಬೆನ್ನ ಹಿಂದೆ ನಡೆದಳಲ್ಲ, ನನ್ನನ್ನು ನೋಡಿ ಒಳಗೊಳಗೇ ಎಷ್ಟು ನಕ್ಕಿರಬೇಕು! ಅದಕ್ಕಿಂತ ಉರಿಯುವ ಇನ್ನೊಂದು ಮಾತಿತ್ತು. ಗಂಡನಿಲ್ಲದ ಈ ಹೆಂಗಸು ದಿನಾ ಮಧ್ಯಾಹ್ನ ನನ್ನ ಗಂಡನ ಹೆಸರು ಹಿಡಿದು ಗೊಳೋ ಎಂದು ಅಳುತ್ತಾಳೆ, ಊರೆಲ್ಲ ಅವಳಿಗಾಗಿ ಮರುಗುತ್ತದೆ. ನಿಜವಾಗಿ ಗಂಡನನ್ನು ಕಳೆದುಕೊಂಡ ನಾನು ಬಾಗಿಲ ಹಿಂದೆ ಪಿಸುಗುಟ್ಟುತ್ತ ಕೂರಬೇಕು.

ಕೊನೆಯ ಸಾಲು ಬಂತು.

“ಹೋರಿಯ ಬಾಲ ಬಿಟ್ಟು ನದಿ ದಾಟಿದವನ ಮೊಮ್ಮಗನೇ,” ಎಂದು ಪಿಸುಗುಟ್ಟಿದಳು ನೊಖಾಯಾ.

ವೆಲಿಸ್ವಾ ತಲೆಯೆತ್ತಿದಳು. “ಬಾಲ ಬಿಡದೆ ಅಲ್ವಾ, ಅಕ್ಕಾ?”

“ಅದು ಬದುಕಿದ್ದಾಗ. ಸತ್ತವನು ಎಲ್ಲಾನೂ ಬಿಟ್ಟೇ ಹೋಗ್ತಾನಲ್ಲ. ಈಗ ಹಿಂಗೇ ಹೇಳ್ಬೇಕು.”

ವೆಲಿಸ್ವಾ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕಪ್ಪು ಉಟ್ಟವಳ ಜೊತೆ ಯಾರೂ ವಾದ ಮಾಡುವುದಿಲ್ಲ, ಆ ಮನೆಯ ಸಾಲನ್ನು ತಿದ್ದುವ ಹಕ್ಕು ಮೇಷ್ಟ್ರಿಗೂ ಇಲ್ಲ. “ನೀನು ಹೇಳಿದ ಮೇಲೆ ಸರಿ,” ಎಂದಳು. ತಟ್ಟೆಯಲ್ಲಿದ್ದ ಉಂಡೆಗಳನ್ನು ಅಲ್ಲೇ ಬಿಟ್ಟು ಹೋದಳು. ನೊಖಾಯಾ ಅದರಲ್ಲಿ ನಾಲ್ಕು ತಿಂದಳು. ಹಾಳಾದ್ದು, ಅವೂ ರುಚಿಯಾಗಿದ್ದವು.

ಜ್ವಾರಾ ಮನೆಯ ಗಂಡಸರಿಗೆ ಆ ತಿರುಚಿದ ಸಾಲಿಗಿಂತ ದೊಡ್ಡ ಅವಮಾನವಿಲ್ಲ. ತಾನು ಬದುಕಿಕೊಳ್ಳಲು ಇದ್ದೊಂದು ಹೋರಿಯನ್ನು ನೀರುಪಾಲು ಮಾಡಿದವನ ಮೊಮ್ಮಗ! ಹಬ್ಬದ ಮೊದಲ ಶನಿವಾರ ಜ್ವಾರಾ ಕುಲದ ಹಿರಿಯರು ತಮ್ಮ ಹೆಸರು ಕೇಳಲು ಸಾಲುಗಟ್ಟಿ ಬಂದು ಕೂರುವುದು ಪದ್ಧತಿ. ಈ ಸಲ ಫಿಕಿಲೆಯ ಅಣ್ಣ ಸಂಗೊ ಭಾವ ಹಳ್ಳಿಯಿಂದ ಹನ್ನೊಂದು ಜನರನ್ನು ಕರೆತರುತ್ತಾನೆ ಎಂದು ಸುದ್ದಿಯಿತ್ತು. ಅವರು ಸುಮ್ಮನಿರುವುದಿಲ್ಲ. ಒಂದೇ ಒಂದು ಶನಿವಾರ ಸಾಕು, ವೆಲಿಸ್ವಾ ಮತ್ತೆ ಬಕೆಟ್ಟಿಗೆ ಹೋಗುತ್ತಾಳೆ.

ಶನಿವಾರ ಬೆಳಿಗ್ಗೆ ನೊಖಾಯಾ ಔಷಧಿ ತರಬೇಕೆಂದು ಅಡುಗೆಮನೆಯಲ್ಲಿ ಸುಳ್ಳು ಹೇಳಿ ಹೊರಬಿದ್ದಳು. ಹೈಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಲುಗಾಲಿನವರು, ಮುಖಕ್ಕೆ ಬಿಳಿ ಬಳಿದುಕೊಂಡವರು, ಡ್ರಮ್ಮು ಬಡಿಯುವವರು, ಕೈಗೆ ಚೀಟಿ ತುರುಕುವವರು. ಎಲ್ಲರಿಗೂ ಒಂದೊಂದು ನಾಟಕವಿತ್ತು. ಅವಳು ಗೋಡೆಯ ಪಕ್ಕಕ್ಕೇ ಸರಿದು ನಡೆಯುತ್ತಿದ್ದಳು. ವಿಧವೆ ಜನರ ನಡುವೆ ಹಾಯಬಾರದು. ಕೇಪ್‌ಟೌನಿನ ಕಡೆಯವಳಿರಬೇಕು, ಉಲ್ಲನ್ ಟೋಪಿಯ ಬಿಳಿ ಹೆಂಗಸೊಬ್ಬಳು ಅಡ್ಡ ನಿಂತು ಅವಳ ಕಪ್ಪನ್ನು ಮೇಲಿಂದ ಕೆಳಗೆ ನೋಡಿದಳು.

“ಎಷ್ಟು ಚೆನ್ನಾಗಿದೆ ವೇಷ! ನಿಮ್ಮ ಆಟ ಎಷ್ಟು ಹೊತ್ತಿಂದು?”

“ಒಂದು ವರ್ಷದ್ದು,” ಎಂದಳು ನೊಖಾಯಾ. “ಫೆಬ್ರವರಿಗೆ ಮುಗಿಯುತ್ತೆ.”

ಆ ಹೆಂಗಸು ಕೈಯಲ್ಲಿದ್ದ ಹಬ್ಬದ ಪುಸ್ತಕ ತಿರುವಿ ಹುಡುಕತೊಡಗಿದಳು.

ನಾಟಕ ನಡೆಯುತ್ತಿದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಬಾಗಿಲ ಬಳಿ, ಕಂಬದ ಮರೆಯಲ್ಲಿ, ಕೊನೆಯ ಕುರ್ಚಿಯಲ್ಲಿ ಅವಳು ಕೂತಳು. ಮೊದಲ ಸಾಲಿನಲ್ಲಿ ಜ್ವಾರಾ ಹಿರಿಯರ ಹನ್ನೊಂದು ಟೋಪಿ, ನಡುವೆ ಸಂಗೊ ಭಾವನ ಊರುಗೋಲು. ಮೂರನೆಯ ಸಾಲಿನ ತುದಿ ಕುರ್ಚಿ ಖಾಲಿ. ಜನ ಹಿಂದೆ ನಿಂತುಕೊಂಡಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ, ಜೋಜಾದವರು ಅದನ್ನು ಬಿಟ್ಟಿದ್ದರು. ಅದನ್ನು ಕಂಡಾಗ ಅವಳಿಗೆ ಎದ್ದು ಹೋಗಿಬಿಡಬೇಕು ಅನಿಸಿತು. ಹೋಗಲಿಲ್ಲ. ವೆಲಿಸ್ವಾ ಬೀಳುವುದನ್ನು ನೋಡದೆ ಹೇಗೆ ಹೋಗುವುದು?

ನಾಟಕ ನಡೆಯಿತು. ವೆಲಿಸ್ವಾ ಗೇಟಿನ ಬಳಿ ನಿಂತ ರೀತಿಯಲ್ಲಿ ನೊಖಾಯಾ ತಪ್ಪು ಹುಡುಕಿದಳು, ಸಿಕ್ಕಲಿಲ್ಲ. ಪೆಟ್ಟಿಗೆ ಬಂದಾಗ ವೆಲಿಸ್ವಾ ಅಳಲಿಲ್ಲ. ಅದರ ಮೇಲಿನ ಧೂಳನ್ನು ಕಂಬಳಿಯ ಅಂಚಿನಿಂದ ಒರೆಸಿದಳು, ಅಷ್ಟೆ. ಪಕ್ಕದಲ್ಲಿ ಕೂತಿದ್ದ ಗಂಡಸು ಮೂಗೆಳೆದುಕೊಂಡ. ‘ನಾನು ಹನ್ನೆರಡು ವರ್ಷ ಎದೆ ಬಡ್ಕೊಂಡು ಅತ್ತೆ, ಒರೆಸೋದು ನಂಗೆ ಯಾಕೆ ಹೊಳೀಲಿಲ್ಲ?’ ಎಂದು ನೊಖಾಯಾ ಶಾಲಿನೊಳಗೆ ಬೆರಳು ಕಚ್ಚಿಕೊಂಡಳು. ಹಾಡು ಎದ್ದಿತು. ಹಿಂದೆ ಬಕೆಟ್ ಹೊತ್ತು ಬಂದವಳು ಮೇಷ್ಟ್ರ ನಾದಿನಿ. ಖಾಲಿ ಬಕೆಟ್ಟು, ತಲೆಯ ಮೇಲೆ ವಾಲಾಡುತ್ತಿತ್ತು. ಅದು ಮಾತ್ರ ಕೆಟ್ಟದಾಗಿತ್ತು.

“ಜ್ವಾರಾ! ಮ್ತಿಕಾ! ಮಜಲೇನಿ!” ಸಭೆ ಅಲುಗಲಿಲ್ಲ. “ಹೋರಿಯ ಬಾಲ ಬಿಟ್ಟು ನದಿ ದಾಟಿದವನ ಮೊಮ್ಮಗನೇ!”

ಊರುಗೋಲು ನೆಲಕ್ಕೆ ಬಡಿಯಿತು.

“ನಿಲ್ಲಿಸು!” ಸಂಗೊ ಭಾವ ಎದ್ದು ನಿಂತಿದ್ದ. ಎಪ್ಪತ್ತರ ಮುದುಕ, ದನಿ ಮಾತ್ರ ಇಳಿದಿರಲಿಲ್ಲ. “ನಮ್ಮಜ್ಜ ಬಾಲ ಬಿಟ್ಟವನಲ್ಲ! ಇದನ್ನ ನಿಂಗೆ ಯಾರಮ್ಮ ಹೇಳಿಕೊಟ್ಟಿದ್ದು?”

ಜೋಜಾದವರೆಲ್ಲ ತಲೆ ತಗ್ಗಿಸಿದರು. ಹೊರಗಿನವರು ಇದೂ ನಾಟಕವೆಂದು ಕತ್ತು ಚಾಚಿದರು. ಕಾದಿದ್ದ ಗಳಿಗೆ ಬಂದಿತ್ತು. ಆದರೆ ಆಗ ನೊಖಾಯಾ ಕಂಬದ ಮರೆಗೆ ಇನ್ನಷ್ಟು ಸರಿದಳು. ಆ ಪ್ರಶ್ನೆಗೆ ಉತ್ತರವಿದೆ ಅನ್ನುವುದು ಅವಳಿಗೆ ಆವರೆಗೆ ಹೊಳೆದೇ ಇರಲಿಲ್ಲ! ವೆಲಿಸ್ವಾ ರಂಗದ ಮೇಲಿಂದ ಕಣ್ಣು ಹಾಯಿಸಿದಳು. ಅಷ್ಟು ಜನರನ್ನು ದಾಟಿ, ಕಂಬವನ್ನು ದಾಟಿ, ಆ ಕಣ್ಣು ನೇರ ಬಂದು ಕಪ್ಪು ಶಾಲಿನ ಮೇಲೆ ನಿಂತಿತು. ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಶೋಕದ ವರ್ಷದಲ್ಲಿ ಆಟ ನೋಡಲು ಬಂದವಳು, ಸತ್ತ ಗಂಡನ ಕುಲಕ್ಕೆ ಮಸಿ ಬಳಿದವಳು ಎಂದು ನೊಖಾಯಾ ಬದುಕಿರುವವರೆಗೆ ತಲೆಯೆತ್ತುವಂತಿರಲಿಲ್ಲ.

“ಯಾರೂ ಇಲ್ಲ, ಯಜಮಾನ್ರೇ,” ಎಂದಳು ವೆಲಿಸ್ವಾ, ನಾಟಕದ ದನಿಯಲ್ಲೇ. “ಹನ್ನೆರಡು ವರ್ಷ ತಲೆ ಮೇಲೆ ನೀರು ಹೊತ್ತೋಳು ನಾನು. ಕಿವಿಗೂ ನೀರು ಹೊಕ್ಕಿರ್ಬೇಕು. ನೀವೇ ಹೇಳಿಕೊಡಿ.”

ಯಾರೋ ನಕ್ಕರು. ಸಂಗೊ ಭಾವನ ಮೀಸೆಯೂ ಅಲುಗಿತು. ಮುದುಕ ಟೋಪಿ ತೆಗೆದು ಎದೆಗಿಟ್ಟುಕೊಂಡು ಗಟ್ಟಿಯಾಗಿ ಹೇಳಿದ: “ಹೋರಿಯ ಬಾಲ ಬಿಡದೆ ನದಿ ದಾಟಿದವನ ಮೊಮ್ಮಗ!” ವೆಲಿಸ್ವಾ ಅದನ್ನು ಅವನ ಬಾಯಿಂದಲೇ ಎತ್ತಿಕೊಂಡು ಹಾಡಿದಳು. ಹನ್ನೊಂದು ಟೋಪಿಗಳೂ ಎದ್ದು “ಜ್ವಾರಾ!” ಎಂದು ಮರುದನಿ ಕೊಟ್ಟವು. ಆಮೇಲೆ ಇಡೀ ಸಭಾಂಗಣ ಎದ್ದು ನಿಂತು ಅತ್ತಿತು, ಚಪ್ಪಾಳೆ ತಟ್ಟಿತು, ಮತ್ತೆ ಅತ್ತಿತು. ಬಾಗಿಲ ಬಳಿ ನೊಖಾಯಾ ಒಬ್ಬಳೇ ಕೂತಿದ್ದಳು.

ಅವಳು ತೋಡಿದ ಗುಂಡಿಯಲ್ಲಿ ವೆಲಿಸ್ವಾ ಬಿದ್ದಿರಲಿಲ್ಲ, ಅದರಿಂದ ನೀರು ಸೇದಿಕೊಂಡಿದ್ದಳು. ಮರುದಿನದಿಂದ ಮೇಷ್ಟ್ರು ಅದನ್ನು ನಾಟಕಕ್ಕೇ ಸೇರಿಸಿಬಿಟ್ಟರು: ದಿನಾ ವೆಲಿಸ್ವಾ ತಪ್ಪು ಹೇಳಬೇಕು, ದಿನಾ ಸಂಗೊ ಭಾವ ಎದ್ದು ಗದರಬೇಕು. ಹಳ್ಳಿಗೆ ಹೋಗಬೇಕಿದ್ದ ಮುದುಕ ಹೊಸ ಕೋಟು ಹೊಲಿಸಿಕೊಂಡು ಹಬ್ಬ ಮುಗಿಯುವವರೆಗೆ ಇಲ್ಲೇ ಉಳಿದ. ಹಾಸ್ಟೆಲ್ಲಿನಲ್ಲಿ ತಂಗಿದ್ದ ಕಲಾವಿದರು ಊಟಕ್ಕೆ ಕೂತಾಗ ಅದೇ ಮಾತು. “ಆ ಮುದುಕ ಎದ್ದು ನಿಲ್ತಾನಲ್ಲ, ಅಬ್ಬಾ! ಆ ಹೆಂಗಸು ಧೂಳು ಒರೆಸ್ತಾಳಲ್ಲ!” ಅವರ ತಟ್ಟೆಗಳನ್ನು ತೊಳೆಯುತ್ತಾ ನೊಖಾಯಾಳಿಗೆ ಭಾವನ ಮೇಲೂ ಹೊಟ್ಟೆ ಉರಿಯಿತು. ಎಲ್ಲರಿಗಿಂತ ಹೆಚ್ಚು ಉರಿದದ್ದು ವೆಲಿಸ್ವಾ ಬೆರಳು ತೋರಿಸದೆ ಇದ್ದದ್ದಕ್ಕೆ. ಹಾಡೂ ಅವಳದಾಯಿತು, ದೊಡ್ಡತನವೂ ಅವಳದೇ ಆಯಿತು. ಮನುಷ್ಯರಿಗೆ ಏನಾದರೂ ಉಳಿಸಬೇಕೋ ಬೇಡವೋ?

ಹಬ್ಬ ಮುಗಿದ ಮಾರನೆಯ ದಿನ, ಇನ್ನೂ ಬಿಸಿಲಿರುವಾಗಲೇ ವೆಲಿಸ್ವಾ ಬಂದಳು. ಕೈಯಲ್ಲಿ ತಟ್ಟೆಯಿರಲಿಲ್ಲ. ಹಾಸಿಗೆಯ ಎದುರಿಗೆ ನೆಲದ ಮೇಲೆ, ಗೋಡೆಯತ್ತ ಮುಖಮಾಡಿ ಕೂತಳು.

“ನಂಗೊತ್ತಿತ್ತು, ಮಾಬೆಲೆ,” ಎಂದಳು.

“ಏನು?”

“ಹನ್ನೆರಡು ವರ್ಷ ಕೇಳಿದೀನಿ. ಬಿಡದೆ ಅನ್ನೋದು ನಂಗೆ ಗೊತ್ತಿಲ್ವಾ?”

“ಮತ್ಯಾಕೆ ಹಾಡ್ದೆ?”

“ನಿನ್ನ ಗಂಡ, ನಿನ್ನ ಮನೆ ಹೆಸರು. ನೀನು ಕೊಟ್ಟಿದ್ದನ್ನ ತಿದ್ದೋಕೆ ನಾನ್ಯಾರು? ನೀನು ಎಷ್ಟು ದೂರ ಹೋಗ್ತೀಯ ಅಂತ ನೋಡೋ ಆಸೇನೂ ಇತ್ತು.” ವೆಲಿಸ್ವಾ ಮೊದಲ ಸಲ ಅವಳತ್ತ ತಿರುಗಿದಳು. “ಇನ್ನೊಂದು ಹೇಳ್ತೀನಿ ಕೇಳು. ನನ್ನ ಬಕೆಟ್ಟಲ್ಲಿ ನೀರು ಇರ್ತಿತ್ತು.”

“ಗೊತ್ತು. ನಾಟಕದಲ್ಲಿ ನೀರಿನ ಬಕೆಟ್ಟೇ ತಾನೆ?”

“ಮೇಷ್ಟ್ರು ಖಾಲಿ ತಗೊಂಡು ಹೋಗು ಅಂದಿದ್ರು. ನಾನೇ ತುಂಬಿಸ್ತಿದ್ದೆ, ಅಂಚಿನವರೆಗೆ. ನಲ್ಲೀಲಿ ವಾರಗಟ್ಟಲೆ ನೀರು ಬರದೆ ಇದ್ದಾಗಲೂ ಬಾವಿಯಿಂದ ತಂದು ತುಂಬಿಸ್ತಿದ್ದೆ. ಯಾಕೆ ಅಂದ್ಕೊಂಡೆ? ನೀನು ಆ ಕೊನೇ ಸಾಲು ಕೂಗ್ತೀಯ, ಅವನು ಮೂರನೇ ಸಾಲಿಂದ ಕೆಮ್ತಾನೆ. ಅದನ್ನ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಹೊತ್ಕೊಂಡು ಉರೀತಿತ್ತು ಕಣೇ. ನಂಗೆ ಕೆಮ್ಮೋರು ಯಾರಿದಾರೆ? ಒಂದೇ ಒಂದು ಸಲ ಕಾಲು ತಡವರಿಸಿ ನೀರು ಚೆಲ್ಲಿಬಿಟ್ರೆ ಸಾಕು, ಜನ ನಗ್ತಾರೆ, ಇವಳ ಹಾಡು ಮಣ್ಣಾಗುತ್ತೆ ಅಂತ ದಿನಾ ಅಂದ್ಕೊಂಡೇ ಹೊರ್ತಿದ್ದೆ. ದಿನಾ!”

ನೊಖಾಯಾ ಶಾಲಿನ ಪಿನ್ನನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು.

“ಹನ್ನೆರಡು ವರ್ಷ ಒಂದು ಹನಿ ಚೆಲ್ಲಲಿಲ್ಲ ನಾನು,” ಎಂದಳು ವೆಲಿಸ್ವಾ. “ನೀನು ಒಂದೇ ದಿನಕ್ಕೆ ಪೂರ್ತಿ ಬಕೆಟ್ ಚೆಲ್ಲಿಬಿಟ್ಟೆ.”

ಅವಳು ಎದ್ದು ಲಂಗ ಕೊಡವಿಕೊಂಡು ಹೋದಳು. ನೊಖಾಯಾ ಹಾಸಿಗೆಯ ಮೇಲೆ ಕೂತಳು, ಹೊತ್ತು ಮುಳುಗುವವರೆಗೆ. ನಾಚಿಕೆಯಾಯಿತು. ಆಮೇಲೆ, ಏನು ಹೇಳಲಿ, ಒಂದು ರೀತಿಯ ಸಮಾಧಾನವೂ ಆಯಿತು. ಅಷ್ಟು ವರ್ಷ ತನ್ನನ್ನು ನೋಡಿ ಒಬ್ಬಳು ಅಷ್ಟು ಉರಿದಿದ್ದಳಲ್ಲ! ಆ ಹಾಡಿಗೆ, ಆ ಕೆಮ್ಮಿಗೆ ಅಷ್ಟು ಬೆಲೆಯಿತ್ತಲ್ಲ! ಫಿಕಿಲೆಗೆ ಇದನ್ನು ಹೇಳಬೇಕಿತ್ತು ಅನಿಸಿ, ಹೇಳುವಂತಿಲ್ಲವೆಂದು ಗೊತ್ತಾಗಿ, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಯಾರ ಮೇಲೂ ಸಿಟ್ಟಿಲ್ಲದೆ ಅತ್ತಳು.

ಫೆಬ್ರವರಿಯಲ್ಲಿ ಮನೆಯವರು ಬಂದು ಕುರಿ ಕಡಿದು ಅವಳ ಕಪ್ಪನ್ನು ಹಿತ್ತಲಲ್ಲಿ ಸುಟ್ಟರು. ಮಗಳು ಹೊಸ ನೀಲಿ ಬಟ್ಟೆ ತಂದಿದ್ದಳು. ಮೇ ತಿಂಗಳಲ್ಲಿ ಮೇಷ್ಟ್ರು ಮತ್ತೆ ಟೋಪಿ ತಿರುಗಿಸುತ್ತ ಬಂದಾಗ ನೊಖಾಯಾ ಅವರಿಗೆ ಮಾತಾಡಲು ಬಿಡಲಿಲ್ಲ.

“ದಿನ ಬಿಟ್ಟು ದಿನ,” ಎಂದಳು. “ಒಂದಿನ ನಾನು ಹಾಡ್ತೀನಿ, ಅವಳು ಬಕೆಟ್ ಹೊರ್ಲಿ. ಮಾರನೇ ದಿನ ಅವಳು ಹಾಡ್ಲಿ, ನಾನು ಹೊರ್ತೀನಿ. ಮೊದಲನೇ ದಿನ ನಂದು. ಅದ್ರಲ್ಲಿ ಚೌಕಾಶಿ ಇಲ್ಲ. ನಮ್ಮ ಭಾವನ್ನ ಈ ಸಲ ಹಳ್ಳೀಲೇ ಇರೋಕೆ ಹೇಳಿ.”

ಹಬ್ಬದ ಮೊದಲ ದಿನ ಹನ್ನೆರಡು ಗಂಟೆಗೆ ಸಭಾಂಗಣ ತುಂಬಿತ್ತು, ಮೂರನೆಯ ಸಾಲಿನ ತುದಿ ಕುರ್ಚಿಯೊಂದನ್ನು ಬಿಟ್ಟು. ಪೆಟ್ಟಿಗೆ ಬಂತು. ನೊಖಾಯಾ ಎದೆ ಬಡಿದುಕೊಳ್ಳಲಿಲ್ಲ, ಧೂಳನ್ನೂ ಒರೆಸಲಿಲ್ಲ. ಕದ್ದದ್ದು ಅನ್ನಿಸಿಕೊಳ್ಳುವುದು ಅವಳಿಗೆ ಬೇಡವಾಗಿತ್ತು. ಸುಮ್ಮನೆ ಅದರ ಪಕ್ಕದಲ್ಲಿ ಕೂತು ಹಾಡಿದಳು. ವರ್ಷವಿಡೀ ಪಿಸುಗುಟ್ಟಿದ ಗಂಟಲು ಅಲ್ಲಲ್ಲಿ ಒಡೆಯಿತು. ಹಿಂದೆ ವೆಲಿಸ್ವಾಳ ಬರಿಗಾಲಿನ ಹೆಜ್ಜೆ ಒಂದೊಂದಾಗಿ ಕೇಳುತ್ತಿತ್ತು.

“ಹೋರಿಯ ಬಾಲ ಬಿಡದೆ ನದಿ ದಾಟಿದವನ ಮೊಮ್ಮಗನೇ!”

ಹಾಡು ಮುಗಿಯಿತು. ಸಭೆ ಉಸಿರು ಹಿಡಿದು ಕೂತಿತು. ನೊಖಾಯಾ ಅಭ್ಯಾಸಬಲದಿಂದ ಕಾದಳು. ಜೋಜಾದವರೂ ಕಾದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಖಾಲಿ ಕುರ್ಚಿ ಸುಮ್ಮನಿತ್ತು. ಆ ನಿಶ್ಶಬ್ದ ತನ್ನನ್ನು ಅಲ್ಲೇ ನುಂಗಿಬಿಡುತ್ತದೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಆಗ ಬೆನ್ನ ಹಿಂದಿನಿಂದ ಒಂದು ಕೆಮ್ಮು ಬಂತು. ಶೀತದ್ದಲ್ಲ, ಗಂಟಲು ಸರಿಮಾಡಿಕೊಳ್ಳುವ ಗತ್ತಿನದು, ಥೇಟ್ ಅವನದೇ. ಅದರ ಹಿಂದೆಯೇ ಧೊಪ್ಪೆಂದು ಬಕೆಟ್ಟು ಬಿತ್ತು. ಅಂಚಿನವರೆಗೆ ತುಂಬಿದ್ದ ನೀರು ರಂಗದ ಮೇಲೆಲ್ಲ ಹರಿದು ಪೆಟ್ಟಿಗೆಯ ಅಡಿಗೆ ನುಗ್ಗಿ, ನೊಖಾಯಾಳ ಹೊಸ ನೀಲಿ ಲಂಗವನ್ನು ಸೊಂಟದವರೆಗೆ ತೋಯಿಸಿಬಿಟ್ಟಿತು. ಸಭೆ ಒಂದು ಗಳಿಗೆ ಬೆಚ್ಚಿ, ಆಮೇಲೆ ನಗುತ್ತಾ ಅಳುತ್ತಾ ಎದ್ದು ನಿಂತಿತು.

ತಲೆ ಬಗ್ಗಿಸಿ ಜನರಿಗೆ ವಂದಿಸುವಾಗ ಇಬ್ಬರೂ ಪಕ್ಕಪಕ್ಕದಲ್ಲಿದ್ದರು.

“ಬೇಕೂಂತಲೇ ಚೆಲ್ಲಿದೆ ಅಲ್ವೇನೇ, ಹಾಳಾದವಳೇ?” ಎಂದಳು ನೊಖಾಯಾ ತುಟಿ ಅಲುಗದಂತೆ.

“ಹೂಂ ಮತ್ತೆ,” ಎಂದಳು ವೆಲಿಸ್ವಾ. “ಈಗ ಸಮ ಆಯ್ತು. ನಾಳೆ ಬಕೆಟ್ ನಿಂದು, ಕೆಮ್ಮೋದು ಮರೀಬೇಡ.”